ಅಡ್ವಾನ್ಸ್ ಕೊಡುವವಳು ನಾನು, ಸ್ಕೋರ್ ಕೇಳುವವರು ಅವರು

ಐನೂರ ತೊಂಬತ್ತೆಂಟು. ನನ್ನ ಸಿಬಿಲ್ ಸ್ಕೋರ್, ಸಾಲ ತೀರಿಸುವುದರಲ್ಲಿ ನಾನು ಹೇಗೆ ಅಂತ ಹೇಳುವ ನಂಬರ್. ಬಾಡಿಗೆಗೆ ಕೇಳಲು ಹೋಗಿದ್ದ ಮನೆಯ ಓನರ್ ಮಗ ಗೇಟಿನ ಹತ್ತಿರ ನಿಂತು ಜೋರಾಗಿ ಓದಿದ. ಒಂದು ಸಲ ಅಲ್ಲ, ಎರಡು ಸಲ. ಒಳಗೆ ಕೂತಿದ್ದ ಅವರಪ್ಪನಿಗೆ ಕೇಳಿಸಲಿ ಅಂತ.

ಮನೆಗೆ ಬಂದು ಎರಡು ಗಂಟೆ ಆಯಿತು. ಅಮ್ಮ ಊಟ ಬೇಡ ಅಂತ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಗೊತ್ತಾಗುತ್ತದೆ. ನನಗಂತೂ ಕೂತಲ್ಲಿ ಕೂರಲು ಆಗುತ್ತಿಲ್ಲ.

ಎಲ್ಲ ಮಾತಾಗಿತ್ತು ರೀ. ಬೆಂಗಳೂರಿನ ಸುಂಕದಕಟ್ಟೆ, ಎರಡನೇ ಮಹಡಿ, ಬಾಡಿಗೆ 13,000. ಅಡ್ವಾನ್ಸ್ ಹತ್ತು ತಿಂಗಳದ್ದು ಅಂದವರು ಕೊನೆಗೆ ಒಂದು ಲಕ್ಷಕ್ಕೆ ಒಪ್ಪಿದ್ದರು. ಭಾನುವಾರ 2,000 ಟೋಕನ್ ಕೊಟ್ಟು ಬಂದಿದ್ದೆವು. ದೇವರ ಫೋಟೋ ಯಾವ ಗೋಡೆಗೆ ಅಂತ ಅಮ್ಮ ಆಗಲೇ ನೋಡಿಟ್ಟಿದ್ದರು. ಇವತ್ತು ಹೋಗಿದ್ದು ಒಂದು ಮಾತು ಕೇಳಲು. ಈಗ 45,000 ಕೊಡುತ್ತೇನೆ, ಉಳಿದ 55,000ಕ್ಕೆ ಮೂರು ವಾರ ಟೈಮ್ ಕೊಡಿ ಅಂತ.

ಓನರ್ ಅಂಕಲ್ ಹೂಂ ಅನ್ನುವ ಹಾಗೇ ಇದ್ದರು. ಅಷ್ಟರಲ್ಲಿ ಮಗ ಹೊರಗೆ ಬಂದ. "ನಿಮ್ಮ ಸಿಬಿಲ್ ಎಷ್ಟಿದೆ ಮೇಡಂ?" ನಾನು ಏನೋ ಹೇಳಲು ಹೋದೆ. "ಫೋನಲ್ಲೇ ಬರುತ್ತಲ್ಲ, ತೆಗೀರಿ" ಅಂದ. ನಾನು ತೆಗೆದೆ. ಯಾಕೆ ತೆಗೆದೆ? ತೋರಿಸಲ್ಲ ಅನ್ನಬಹುದಿತ್ತು ಅಲ್ವಾ? ಆ ಹೊತ್ತಿಗೆ ಮನೆ ಕೈತಪ್ಪುತ್ತದೆ ಅನ್ನೋದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಫೋನ್ ನನ್ನ ಕೈಯಿಂದಲೇ ತೆಗೆದುಕೊಂಡ. ಬೆರಳಲ್ಲಿ ಮೇಲೆ ಕೆಳಗೆ ಎಳೆಯುತ್ತಾ ಹೋದ. "ಇದೇನಿದು, ಕ್ರೆಡಿಟ್ ಕಾರ್ಡ್, ಸೆಟಲ್ಡ್ ಅಂತಿದೆ. ಅಂದ್ರೆ ಪೂರ್ತಿ ಕಟ್ಟಿಲ್ಲ." ಪಕ್ಕದ ಮನೆಯವರು ಕಾಂಪೌಂಡಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಪೈಪು ಹಿಡಿದುಕೊಂಡೇ ಇತ್ತ ತಿರುಗಿ ನಿಂತರು. ಒಂದೇ ಕುಂಡಕ್ಕೆ ನೀರು ಬಿದ್ದು ತುಂಬಿ ಹರಿಯುತ್ತಿತ್ತು, ಅವರಿಗೆ ಅದರ ಕಡೆ ಗಮನವೇ ಇಲ್ಲ. ನಾನು ಆ ಕುಂಡವನ್ನೇ ನೋಡುತ್ತಾ ನಿಂತಿದ್ದೆ. ಮುಖ ಎತ್ತಲು ಆಗಲಿಲ್ಲ.

ಆಮೇಲೆ ಟೋಕನ್ ವಾಪಸ್ ಕೊಟ್ಟ. 1,500. "ನಿಮ್ಮಿಂದ ಬೇರೆ ಪಾರ್ಟಿ ವಾಪಸ್ ಕಳಿಸಿದ್ವಿ" ಅಂತ 500 ಹಿಡಿದುಕೊಂಡ. ಬೇಡ ಅಂದವರು ಅವರು, ದುಡ್ಡು ಹೋಗಿದ್ದು ನನ್ನದು! ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ "ಇರಲಿ ಬಿಡಪ್ಪ" ಅಂದರು. ಕೈ ಮುಗಿದರು. ಎಪ್ಪತ್ತರ ಹತ್ತಿರದ ನನ್ನ ಅಮ್ಮ, ಆ ಹುಡುಗನಿಗೆ ಕೈ ಮುಗಿದರು. ಕಣ್ಣು ಮುಚ್ಚಿದರೆ ಅದೇ ಬರುತ್ತಿದೆ.

ಸಿಬಿಲ್ ಸ್ಕೋರ್ ಇರುವುದು ಯಾತಕ್ಕೆ? 300ರಿಂದ 900ರವರೆಗೆ ನಂಬರ್ ಹಾಕುವುದು, ಸಾಲ ಕೊಡುವವರು ಸಾಲ ಕೇಳುವವರನ್ನು ನೋಡಿಕೊಳ್ಳಲಿ ಅಂತ. ನಾನೇನು ಅವರ ಹತ್ತಿರ ಸಾಲ ಕೇಳಲು ಹೋಗಿದ್ದೆನಾ? ನನ್ನ ಲಕ್ಷ ರೂಪಾಯಿ ಒಂದು ಪೈಸೆ ಬಡ್ಡಿ ಇಲ್ಲದೆ ವರ್ಷಗಟ್ಟಲೆ ಅವರ ಹತ್ತಿರ ಇರುತ್ತಿತ್ತು. ಇಲ್ಲಿ ದುಡ್ಡು ಕೊಡುವವಳು ನಾನು. ಸ್ಕೋರ್ ಕೇಳಬೇಕಾದವಳು ನಾನು.

ಈಗಿರುವ ಮನೆಯ ಓನರ್ ಹತ್ತಿರ 2018ರಿಂದ ನನ್ನ 80,000 ಇದೆ. ಇಲ್ಲಿಂದ ಯಾಕೆ ಬಿಡುತ್ತಿದ್ದೇವೆ ಅನ್ನೋದು ಬೇಡ, ಅದು ಬೇರೆಯೇ ಕತೆ. ಖಾಲಿ ಮಾಡಿ ಕೀ ಕೊಟ್ಟ ಮೇಲೆ ದುಡ್ಡು, ಅದರಲ್ಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಕಟ್. ಅದೂ ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ, ಅಂದರೆ ನನ್ನ ದುಡ್ಡು ಖರ್ಚಾಗಿದೆ ಅಂತ ತಾನೇ? ಇವರು ಕೀ ಕೊಟ್ಟರೆ ದುಡ್ಡು ಅನ್ನುತ್ತಾರೆ, ಅವರು ದುಡ್ಡು ಕೊಟ್ಟರೆ ಕೀ ಅನ್ನುತ್ತಾರೆ. ನಡುವೆ ನಾನೂ ಅಮ್ಮನೂ ಪಾತ್ರೆ ಪಗಡ ಕಟ್ಟಿಕೊಂಡು ಎಲ್ಲಿ ಕೂರಬೇಕು? ಈ ಓನರ್ ಸ್ಕೋರ್ ಎಷ್ಟು? ಯಾವ ಫೋನಿನಲ್ಲಿ ಬರುತ್ತದೆ? ಯಾರಾದರೂ ಹೇಳಿ.

ಆ ಕಾರ್ಡ್ ವಿಷಯ. 2020ರಲ್ಲಿ ಲಾಕ್‌ಡೌನ್ ಆಗಿ ಕೆಲಸ ಹೋಯಿತು. ಐದು ತಿಂಗಳ ಬಾಡಿಗೆ ನಾನು ಆ ಕಾರ್ಡಿನಿಂದಲೇ ಕಟ್ಟಿದೆ. ಓನರ್‌ಗೆ ಒಂದು ತಿಂಗಳೂ ಬಾಕಿ ಇಡಲಿಲ್ಲ. ಬಡ್ಡಿ ಬೆಳೆದು ಕೈ ಮೀರಿತು. ಸ್ವಲ್ಪ ಕಡಿಮೆ ಕಟ್ಟಿ ಸೆಟಲ್ ಮಾಡಿಕೊಳ್ಳಿ, ಮುಗಿದುಹೋಗುತ್ತದೆ ಅಂತ ಕಾರ್ಡಿನ ಕಲೆಕ್ಷನ್‌ನವರೇ ಹೇಳಿದರು. ಮುಗಿಯಲಿಲ್ಲ. ಬಾಡಿಗೆ ತಪ್ಪಿಸಬಾರದು ಅಂತ ಹೋಗಿ ಸ್ಕೋರ್ ಬಿತ್ತು, ಈಗ ಅದೇ ಸ್ಕೋರ್ ನೋಡಿ ಬಾಡಿಗೆಗೆ ಮನೆ ಕೊಡುವುದಿಲ್ಲ. 2018ರಿಂದ ಇವತ್ತಿನವರೆಗೆ 5ನೇ ತಾರೀಕು ದಾಟಿಸಿಲ್ಲ ನಾನು. ಆ ರಿಪೋರ್ಟಿನಲ್ಲಿ ಅದರ ಒಂದು ಸಾಲೂ ಇಲ್ಲ.

ಈಗ ಕೂತು ಓದಿದೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಇಲ್ಲ, ಖಾಲಿ ಮಾಡಿದ ದಿನವೇ ವಾಪಸ್ ಕೊಡಬೇಕು ಅಂತ ಇದೆ. ಆದರೆ ಅದು ಮಾದರಿ. ರಾಜ್ಯಗಳು ತಾವಾಗಿ ಕಾಯ್ದೆ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ತಿಂಗಳು ಅಂದರೆ 26,000. ಆ ಗೇಟಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಾಗ ನನ್ನ ಬ್ಯಾಗಿನಲ್ಲಿ 45,000 ಇತ್ತು.

ಅವರ ಮನೆ ಅವರಿಷ್ಟ, ಗೊತ್ತು. ಬಾಡಿಗೆ ಕೊಡದೆ ಸತಾಯಿಸುವವರೂ ಇದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಭಯಪಡುತ್ತಿದ್ದೆನೇನೋ. ಆದರೆ ಬೇಡ ಅನ್ನಲು ಒಂದು ಮಾತು ಸಾಕಿತ್ತು. ಬೀದಿಗೆಲ್ಲ ಕೇಳುವ ಹಾಗೆ ಓದಬೇಕಿತ್ತಾ?

ಆ ಮನೆ ಫ್ರೀಯಾಗಿ ಕೊಟ್ಟರೂ ಬೇಡ. ಇಲ್ಲ, ಸುಳ್ಳು. ನಾಳೆ ಅಂಕಲ್ ಫೋನ್ ಮಾಡಿ ಬನ್ನಮ್ಮ ಅಂದರೆ ಹೋಗುತ್ತೇನೆ. 30ನೇ ತಾರೀಕಿಗೆ ಇಲ್ಲಿಂದ ಹೊರಡಲೇಬೇಕು. ಲಗ್ಗೆರೆ, ಕಾಮಾಕ್ಷಿಪಾಳ್ಯದ ಕಡೆ 45,000 ಅಡ್ವಾನ್ಸ್‌ಗೆ ಕೊಡುವವರು ಗೊತ್ತಿದ್ದರೆ ತಿಳಿಸಿ. ಇಬ್ಬರೇ ಇರುವುದು.

ಆ 500 ಮಾತ್ರ ಬಿಡುವುದಿಲ್ಲ. ಬೆಳಿಗ್ಗೆ ಹಾಲು ತರುತ್ತೇನೆ ಅಂತ ಅಮ್ಮನಿಗೆ ಹೇಳಿ ಸುಂಕದಕಟ್ಟೆಗೆ ಹೋಗುತ್ತೇನೆ.