ಶಿಫಾರಸಿನ ಮೇಲೆ ಬಂದವರು

ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ ಹಳೆಯ ಆವೃತ್ತಿಗಳಲ್ಲಿ ಎರಡು ಡಿಸ್ಕ್ ಜೋಡಿಸಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಏರ್ಪಾಡು) ಮಾಡೋಣ ಅಂತ ಅದಕ್ಕೆ ಬೇಕಾದ ‘ಎಂಡಿಎಡಿಎಂ’ ಪ್ರೋಗ್ರಾಂ ಹಾಕಲು ಹೋದರೆ, ಪರದೆ ಡಿಸ್ಕಿನ ಸುದ್ದಿ ಬಿಟ್ಟು ‘ಯಾವ ಬಗೆಯ ಮೇಲ್ ಸರ್ವರ್ ಬೇಕು?’ ಎಂದು ಕೇಳುತ್ತಿತ್ತು. ಕರೆಯದೇ ಬಂದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್‌ನ ಪ್ರಶ್ನೆ ಅದು. ಉಬುಂಟುವಿನ ಮೂಲವಾದ ಡೆಬಿಯನ್‌ನಲ್ಲಿ ಅಷ್ಟು ಮರ್ಯಾದೆಯೂ ಇಲ್ಲ. ಎಕ್ಸಿಮ್ ಎಂಬ ಮೇಲ್ ಸರ್ವರ್ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ.

ಪ್ಯಾಕೇಜಿನ (ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಪ್ರೋಗ್ರಾಂ) ವಿವರದಲ್ಲಿ ‘ಡಿಪೆಂಡ್ಸ್’ ಎಂದಿದ್ದರೆ ಅದಿಲ್ಲದೆ ಆಗದು. ‘ರೆಕಮೆಂಡ್ಸ್’ ಬರೀ ಶಿಫಾರಸು. ಆದರೆ ಪ್ಯಾಕೇಜ್‌ಗಳನ್ನು ತಂದು ಹಾಕುವ ಆಪ್ಟ್ ಮಹಾಶಯನಿಗೆ ಶಿಫಾರಸೇ ಅಪ್ಪಣೆ. ಹಾಗಾಗಿ ಮೊದಲು, ಏನೂ ಹಾಕದೆ ಬರೀ ತೋರಿಸುವ ಸಿಮ್ಯುಲೇಟ್ ಆಯ್ಕೆ ಕೊಟ್ಟು ಯಾರ್ಯಾರು ಬರುತ್ತಿದ್ದಾರೆ ನೋಡಿ. ಆಮೇಲೆ ‘--ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಸೇರಿಸಿ ಹಾಕಿ. ಬಂದು ಆಗಿಹೋಗಿದ್ದರೆ ‘ಆಪ್ಟಿಟ್ಯೂಡ್ ವೈ ಪೋಸ್ಟ್‌ಫಿಕ್ಸ್’ ಎಂದು ಕೇಳಿ, ಕರೆತಂದವರು ಯಾರೆಂದು ಹೇಳುತ್ತದೆ. ಬೇಡದ್ದನ್ನು ತಾನೇ ತೆಗೆಯುವ ಆಟೋರಿಮೂವ್ ನಂಬಿ ಕೂರಬೇಡಿ: ಶಿಫಾರಸು ಮಾಡಿದವರು ಒಳಗಿರುವ ತನಕ, ಅವರ ಕಡೆಯವರ ಕೂದಲೂ ಕೊಂಕುವುದಿಲ್ಲ. (ಎಲ್ಲೋ ಕಂಡ ವ್ಯವಸ್ಥೆ ಅನಿಸಿದರೆ ಆಪ್ಟ್ ಹೊಣೆಯಲ್ಲ.) ಹೆಸರು ಹಿಡಿದು ‘ಪರ್ಜ್’ (ಪೂರ್ತಿ ತೆಗೆಯುವುದು) ಮಾಡಬೇಕು.

ನಿಜವಾದ ತಲೆನೋವು ‘ಡಿಪೆಂಡ್ಸ್’ನದು. ಮೇಲ್ ಸರ್ವರನ್ನು ನೀವೇ ಕಂಪೈಲ್ ಮಾಡಿ ಹಾಕಿಕೊಂಡಿದ್ದೀರಿ ಎನ್ನಿ. ಆಪ್ಟ್‌ನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ‘ಬಿಎಸ್‌ಡಿ-ಮೇಲೆಕ್ಸ್’ ಎಂಬ ಮೇಲ್ ಪ್ರೋಗ್ರಾಂ ಕೇಳಿದ ತಕ್ಷಣ ಇನ್ನೊಂದನ್ನು ತರುತ್ತದೆ. ಆಪ್ಟ್‌ನ ಕೈಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ ‘--ಫೋರ್ಸ್-ಡಿಪೆಂಡ್ಸ್’ ಕೊಟ್ಟು ತುರುಕಬಹುದು, ಆದರೆ ಮರುದಿನ ಬೇರೇನೋ ಇನ್‌ಸ್ಟಾಲ್ ಮಾಡಹೋದರೆ ಆಪ್ಟ್ ಮುಷ್ಕರ ಹೂಡುತ್ತದೆ. ‘--ಫಿಕ್ಸ್-ಬ್ರೋಕನ್’ ಅಂದಿರೋ, ಬೇಡದ್ದನ್ನು ತರುತ್ತದೆ, ಇಲ್ಲವೇ ನೀವು ತುರುಕಿದ್ದನ್ನೇ ಕಿತ್ತೆಸೆಯುತ್ತದೆ.

ಇದಕ್ಕೆ, ಹೆಸರಿಗಷ್ಟೇ ಇರುವ ಪ್ಯಾಕೇಜ್ ಕಟ್ಟುವ ‘ಇಕ್ವಿವ್ಸ್’ ಸರಿಯಾದ ಮದ್ದು. ‘ಇಕ್ವಿವ್ಸ್-ಕಂಟ್ರೋಲ್’ ಕೊಡುವ ಮಾದರಿ ಫೈಲಿನಲ್ಲಿ ಹೆಸರು, ಆವೃತ್ತಿ ತುಂಬಿ, ‘ಪ್ರೊವೈಡ್ಸ್’ (ಒದಗಿಸುತ್ತದೆ) ಸಾಲಿನಲ್ಲಿ ‘ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್’ (ಅಂದರೆ ಮೇಲ್ ಸರ್ವರ್) ಎಂದು ಬರೆದು, ‘ಇಕ್ವಿವ್ಸ್-ಬಿಲ್ಡ್’ ಓಡಿಸಿ. ಒಳಗೆ ಏನೂ ಇಲ್ಲದ, ಕೆಲವೇ ಕೆಬಿಯ ಡೆಬ್ ಫೈಲ್ (ಪ್ಯಾಕೇಜ್) ಸಿಗುತ್ತದೆ. ಅದನ್ನು ಹಾಕಿದರೆ ಆಪ್ಟ್ ತೃಪ್ತ. ತಮಾಷೆಯೆಂದರೆ, ಡಿಪೆಂಡೆನ್ಸಿ ತಪ್ಪಿಸುವ ಈ ಇಕ್ವಿವ್ಸ್ ಬರುವಾಗ ಡೆಬ್‌ಹೆಲ್ಪರ್, ಮೇಕ್ ಮುಂತಾದ ದಿಬ್ಬಣವನ್ನೇ ಕರೆತರುತ್ತದೆ. ಬೇರೆ ಯಂತ್ರದಲ್ಲೋ ಕಂಟೇನರ್‌ನಲ್ಲೋ ಕಟ್ಟಿ, ಡೆಬ್ ಫೈಲನ್ನು ಮಾತ್ರ ತನ್ನಿ.

ರೇಡ್ ವಿಷಯದಲ್ಲಿ ಒಂದು ಮಾತು. ಎಂಡಿಎಡಿಎಂ ಮೇಲ್ ಸರ್ವರ್ ಕೇಳುವುದು ಡಿಸ್ಕ್ ಕೈಕೊಟ್ಟಾಗ ರೂಟ್‌ಗೆ (ಯಂತ್ರದ ಯಜಮಾನನ ಖಾತೆಗೆ) ಪತ್ರ ಬರೆಯಲು. ಆ ಪತ್ರವನ್ನು ಯಾರೂ ಓದುವುದಿಲ್ಲ ಅನ್ನುವುದು ಬೇರೆ ಮಾತು. ಮೇಲ್ ಬೇಡವೆಂದರೆ ಎಂಡಿಎಡಿಎಂನ ಕಾನ್ಫಿಗ್ ಫೈಲಿನಲ್ಲಿ ‘ಪ್ರೋಗ್ರಾಂ’ ಸಾಲು ಸೇರಿಸಿ, ಫೋನಿಗೆ ಸಂದೇಶ ಕಳಿಸುವ ಸ್ಕ್ರಿಪ್ಟ್ ತೋರಿಸಿ. ನಂತರ ಮಾನಿಟರ್ ಕಮಾಂಡನ್ನು ‘--ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್’ ಜೊತೆ ಓಡಿಸಿ, ಫೋನ್ ಸದ್ದು ಮಾಡುತ್ತದೋ ನೋಡಿ.