ಈ ಒಡಕು ನಿನ್ನೆ ಮೊನ್ನೆಯದಲ್ಲ

ರಾಜ್ಯ ಬಿಜೆಪಿಯ ಒಳಜಗಳವೆಲ್ಲ 2023ರಲ್ಲಿ ಯಡಿಯೂರಪ್ಪನವರ ಮಗ ವಿಜಯೇಂದ್ರ ರಾಜ್ಯಾಧ್ಯಕ್ಷರಾದ ಮೇಲೆ ಶುರುವಾದದ್ದು ಅನ್ನೋ ಥರ ಈಚೆಗೆ ಓದಿದ ಒಂದು ಲೇಖನ ಇದೆ. ವಿಜಯೇಂದ್ರರನ್ನು ಟೀಕಿಸುತ್ತಿದ್ದ ಶಾಸಕ ಯತ್ನಾಳ್ ಉಚ್ಚಾಟನೆಗೇ ಅದರಲ್ಲಿ ಅರ್ಧ ಜಾಗ ಹೋಗಿದೆ. ನಮ್ಮ ತುಮಕೂರಿನವರಿಗೆ ಇದು ಹಳೇ ಕಥೆ ಸ್ವಾಮಿ.

2012ರ ಕೊನೆಗೆ ಯಡಿಯೂರಪ್ಪನವರು ಪಕ್ಷ ಬಿಟ್ಟು ಕೆಜೆಪಿಗೆ (ಕರ್ನಾಟಕ ಜನತಾ ಪಕ್ಷ) ಹೋದರು. ಮರುವರ್ಷದ ಚುನಾವಣೆಯಲ್ಲಿ ತುಮಕೂರು ನಗರದಲ್ಲಿ ಏನಾಯಿತು? ಬಿಜೆಪಿಯಿಂದ ಸೊಗಡು ಶಿವಣ್ಣ, ಕೆಜೆಪಿಯಿಂದ ಜ್ಯೋತಿಗಣೇಶ್. ಮತ ಹಂಚಿಹೋಯಿತು, ಕಾಂಗ್ರೆಸ್ಸಿನ ರಫೀಕ್ ಅಹ್ಮದ್ ಗೆದ್ದರು. ರಾಜ್ಯದಲ್ಲೂ 110 ಸೀಟಿದ್ದ ಪಕ್ಷ 40ಕ್ಕೆ ಇಳಿಯಿತು. 2014ರಲ್ಲಿ ಯಡಿಯೂರಪ್ಪ ವಾಪಸ್ ಬಂದರು, ಎಲ್ಲ ಸರಿಹೋಯ್ತು ಅಂದರು. ಎಲ್ಲಿ ಸರಿಹೋಯ್ತು? 2018ರಲ್ಲಿ ಟಿಕೆಟ್ ಸಿಕ್ಕಿದ್ದು ಕೆಜೆಪಿಯಿಂದ ಬಂದ ಜ್ಯೋತಿಗಣೇಶ್ ಅವರಿಗೆ, ಗೆದ್ದರು ಕೂಡ. 1994ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಶಿವಣ್ಣ 2023ರಲ್ಲಿ ಪಕ್ಷೇತರರಾಗಿ ನಿಂತರು.

ಇದರಲ್ಲಿ ಸಿದ್ಧಾಂತ ಹುಡುಕಬೇಡಿ, ಸಿಗಲ್ಲ. 2008ರಲ್ಲಿ ಬಹುಮತಕ್ಕೆ ಮೂರು ಸೀಟು ಕಡಿಮೆ ಬಿದ್ದಾಗ ಬೇರೆ ಪಕ್ಷದ ಶಾಸಕರನ್ನು ರಾಜೀನಾಮೆ ಕೊಡಿಸಿ ಸೆಳೆಯೋ ಆಪರೇಷನ್ ಕಮಲ ಶುರುವಾಯ್ತಲ್ಲ, ಗಂಟು ಇರೋದು ಅಲ್ಲಿ. ಹೊರಗಿಂದ ಬಂದವರಿಗೆ ಮಂತ್ರಿಗಿರಿ, ಬಾವುಟ ಕಟ್ಟಿದವರಿಗೆ ಮತ್ತೆ ಬಾವುಟವೇ. 2019ರಲ್ಲೂ ಅದೇ ಆಯ್ತು. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್ ಬಿಟ್ಟು ಬಂದ ಸುಧಾಕರ್ ಉಪಚುನಾವಣೆ ಗೆದ್ದು ಮಂತ್ರಿಯಾದರು, ಈಗ ಸಂಸದರು. ಅವರು ಬರದಿದ್ದರೆ ಆ ವಿಧಾನಸಭಾ ಕ್ಷೇತ್ರದಲ್ಲಿ ಕಮಲ ಅರಳುತ್ತಿರಲಿಲ್ಲ, ಅದೂ ನಿಜ ಬಿಡಿ. ಆದರೆ ಹಳೇ ಕಾರ್ಯಕರ್ತನ ಸಿಟ್ಟು ಸುಮ್ನೆ ಬಂದದ್ದಲ್ಲ. ಇಷ್ಟುದ್ದ ಲೇಖನದಲ್ಲಿ ಅವನ ಬಗ್ಗೆ ಒಂದು ಸಾಲೂ ಇಲ್ಲವಲ್ಲ, ಯಾಕೆ?