ಹಸುವಿನ ಕಿವಿ ಎಲ್ಲಿದೆ?

ಹಸುವಿನ ಕಿವಿ ಕೊಂಬಿನ ಮುಂದಿದೆಯೋ, ಮೇಲಿದೆಯೋ, ಕೆಳಗಿದೆಯೋ? ಎದ್ದು ಕಿಟಕಿ ಹತ್ತಿರ ಹೋಗದೆ, ಮೊಬೈಲ್ ಮುಟ್ಟದೆ, ಕೂತಲ್ಲೇ ಹೇಳಿ ನೋಡೋಣ. ತಡವರಿಸಿದಿರಿ ಅಲ್ವಾ? ನಾನೂ ತಡವರಿಸಿದೆ. ಮೈಸೂರಿನಲ್ಲೇ ಹುಟ್ಟಿ, ರಸ್ತೆ ನಡುವೆ ಮಲಗಿದ ಹಸುಗಳನ್ನು ಬಳಸಿಕೊಂಡು ಸೈಕಲ್ ತುಳಿದು ಸ್ಕೂಲಿಗೆ ಹೋಗಿ, 45 ವರ್ಷ ಹಸುವಿನ ಹಾಲಿನ ಕಾಫಿ ಕುಡಿದ ಮನುಷ್ಯ ನಾನು. ಆ ಹಸುವಿಗೆ ಕಿವಿ ಎಲ್ಲಿದೆ ಎಂದು ಕೇಳಿದರೆ ನನ್ನ ಕೈ ಪೆನ್ಸಿಲ್ ಹಿಡಿದುಕೊಂಡು ಗಾಳಿಯಲ್ಲೇ ನಿಂತುಬಿಟ್ಟಿತು.

ಇದಕ್ಕೆಲ್ಲ ಕಾರಣ ಅಕ್ಕ. ಬೇಸಿಗೆ ರಜಕ್ಕೆ ಇಬ್ಬರು ಮಕ್ಕಳನ್ನೂ ನಮ್ಮ ಮನೆಯಲ್ಲಿ ಬಿಟ್ಟು ಹೋಗುವಾಗ, "ಮೊಬೈಲ್ ಮಾತ್ರ ಕೈಗೆ ಕೊಡ್ಬೇಡ ಕಣೋ, ಏನಾದ್ರೂ ಮಾಡಿಸು" ಅಂದಳು. ದೊಡ್ಡವಳಿಗೆ 9, ಚಿಕ್ಕವನಿಗೆ 5. ಏನಾದ್ರೂ ಅಂದರೆ ಏನು? ಮೂಲೆಯ ಸ್ಟೇಷನರಿ ಅಂಗಡಿಗೆ ಹೋಗಿ 12 ಬಿಲ್ಲೆಗಳ ವಾಟರ್ ಕಲರ್ ಡಬ್ಬಿ, ನಾಲ್ಕು ಬ್ರಷ್, ಎರಡು ಡ್ರಾಯಿಂಗ್ ಬುಕ್ ತಂದೆ. ಪ್ರಾಣಿ ಬರೆದು ಬಣ್ಣ ಹಚ್ಚುವುದು. ಇದಕ್ಕಿಂತ ಸುಲಭದ್ದು ಯಾವುದಿದೆ, ಅನ್ನುವುದು ನನ್ನ ಲೆಕ್ಕ.

ಸುಲಭದ ಸೂತ್ರ ನನ್ನ ಹತ್ತಿರ ಇತ್ತು ಕೂಡ. ಮಲಗಿದ ಹಾಗೆ ದೊಡ್ಡ ಸೊನ್ನೆ ಒಂದು, ಅದರ ಪಕ್ಕದಲ್ಲಿ ಸ್ವಲ್ಪ ಮೇಲೆ ಚಿಕ್ಕ ಸೊನ್ನೆ ಒಂದು. ಎರಡನ್ನೂ ಸೇರಿಸಿದರೆ ಕುತ್ತಿಗೆ. ಕೆಳಗೆ ನಾಲ್ಕು ಕಂಬ ನೆಟ್ಟರೆ ಕಾಲು. ಇಷ್ಟು ಬಂದರೆ ಯಾವ ಪ್ರಾಣಿಯನ್ನಾದರೂ ಎಬ್ಬಿಸಿ ನಿಲ್ಲಿಸಬಹುದು. ಸೊಂಡಿಲು ಇಟ್ಟರೆ ಆನೆ, ಕೇಸರ ಇಟ್ಟರೆ ಸಿಂಹ, ಏನೂ ಇಡದಿದ್ದರೆ ಕತ್ತೆ. ಚಿಕ್ಕವನು ಆಗತಾನೆ ಅಕ್ಷರ ಕಲಿತಿದ್ದ. ಅವನು ಕಣ್ಣಿನ ಜಾಗದಲ್ಲಿ ಎರಡು ಠ ಬರೆದ. ಸೊನ್ನೆಯೊಳಗೊಂದು ಚುಕ್ಕಿ, ಅಚ್ಚುಕಟ್ಟಾಗಿ ಕಣ್ಣು. ನನಗೆ ನಗು ಬಂತು. ಕನ್ನಡದ ಒಂದಕ್ಷರ ಓದಲು ಬಾರದ ಹೊರದೇಶದವರೂ ಇಂಟರ್ನೆಟ್ಟಿನಲ್ಲಿ ಮುಖ ಸಿಂಡರಿಸಬೇಕಾದಾಗ ಠ_ಠ ಅಂತಲೇ ಹಾಕುತ್ತಾರೆ. ಇವನಿಗೆ ಅದೆಲ್ಲ ಎಲ್ಲಿ ಗೊತ್ತು. ಅವನ ಆನೆ ಮಾತ್ರ ಇಡೀ ಪುಟದಿಂದ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

ದೊಡ್ಡವಳು ಜಿರಾಫೆ ಬರೆದಳು. ಹಿಂದಿನ ದಿನವಷ್ಟೇ ಜ಼ೂಗೆ ಹೋಗಿ ಬಂದಿದ್ದೆವು. 1892ರಲ್ಲಿ ಚಾಮರಾಜ ಒಡೆಯರು ಶುರು ಮಾಡಿದ ನಮ್ಮ ಮೈಸೂರಿನ ಜ಼ೂನಲ್ಲಿ ಇವಳು ಜಿರಾಫೆಯ ಮುಂದೆ ಅರ್ಧ ಗಂಟೆ ನಿಂತು, ನನ್ನ ಕಾಲು ನೋವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದರ ಫಲ ಈಗ ಕಾಣಿಸಿತು. ತಲೆಯ ಮೇಲಿನ ಎರಡು ಮೋಟು ಕೊಂಬು ಬಂತು, ಕೊಂಬಿನ ತುದಿಯ ಕಪ್ಪು ಗಂಟು ಬಂತು. ನಾಲಿಗೆಗೂ ಕಪ್ಪು ಹಚ್ಚಲು ಹೊರಟಳು. "ನಾಲಿಗೆ ಕೆಂಪಲ್ವಾ?" ಅಂದೆ. "ಅದು ಸೊಪ್ಪು ಎಳೀತಿದ್ದಾಗ ನೀವು ನೋಡ್ಲಿಲ್ವಾ ಮಾವ? ಕಪ್ಪು" ಅಂದಳು. ಸರಿಯೇ. ಜಿರಾಫೆಯ ನಾಲಿಗೆ ಕಪ್ಪೇ. ನಾನು ಆಗ ಬೆಂಚು ಹುಡುಕುತ್ತಿದ್ದೆ.

ಆಮೇಲೆ ನಾನೇ ದೊಡ್ಡಸ್ತಿಕೆಯಿಂದ, "ಈಗ ಎಲ್ಲರಿಗೂ ಗೊತ್ತಿರೋ ಪ್ರಾಣಿ, ಹಸು" ಅಂದೆ. ಅಲ್ಲಿ ಸಿಕ್ಕಿಕೊಂಡೆ. ದೊಡ್ಡವಳ ಹಸುವಿಗೆ ಕಿವಿ ಮೇಲೆ, ಕೊಂಬು ಕೆಳಗೆ. ಚಿಕ್ಕವನ ಹಸುವಿಗೆ ಕಿವಿಯೇ ಇಲ್ಲ. ನನ್ನ ಹಸುವಿಗೆ ಕೊಂಬಿನ ಎದುರಿಗೇ ಕಿವಿ ಬಂದು, ಅದು ಯಾವುದೋ ನಾಟಕದ ಕಿರೀಟ ತೊಟ್ಟ ಹಾಗೆ ಕಂಡಿತು. ಟಿಕೆಟ್ ಕೊಟ್ಟು ನೋಡಿದ ಜಿರಾಫೆ ಸರಿಯಾಗಿ ಬಂದಿತ್ತು, ಬಿಟ್ಟಿ ನೋಡಿದ ಹಸು ಮೂವರ ಕೈಯಲ್ಲೂ ಕೆಟ್ಟಿತ್ತು.

ಅಮ್ಮನನ್ನು ಕರೆದೆವು. ಊರಿನಲ್ಲಿದ್ದಾಗ ಅವಳು ಹಾಲು ಕರೆದವಳು, ಗೋಪೂಜೆಯಲ್ಲಿ ಹಸುವಿನ ಹಣೆಗೆ ಅರಿಶಿನ ಕುಂಕುಮ ಇಟ್ಟವಳು. ಅಮ್ಮ ಬಾಯಿಂದ ಉತ್ತರ ಹೇಳಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಗಾಳಿಯಲ್ಲೇ ಒಂದು ಹಸುವಿನ ಗಂಗೆದೊಗಲು ಸವರಿ, ಹಣೆ ತಡವಿ, ಅಲ್ಲಿಂದ ಕೈಯನ್ನು ಪಕ್ಕಕ್ಕೆ ಜಾರಿಸಿ, "ಇಲ್ಲಿ. ಕೊಂಬಿನ ಬುಡದ ಕೆಳಗೆ, ಪಕ್ಕಕ್ಕೆ" ಅಂದಳು. ಅವಳ ಕಣ್ಣಿಗೆ ನೆನಪಿರಲಿಲ್ಲ, ಕೈಗೆ ನೆನಪಿತ್ತು.

ಸಾಕ್ಷಿಗೆ ನಾನು ಚಾಮುಂಡಿ ಬೆಟ್ಟದ ನಂದಿಯ ಫೋಟೋ ತೋರಿಸಿದೆ. ಮೊಬೈಲ್ ಮುಟ್ಟಿದ್ದು ಅಕ್ಕನಿಗೆ ಹೇಳಬೇಡಿ. ದೊಡ್ಡ ದೇವರಾಜ ಒಡೆಯರ ಕಾಲದ್ದು ಆ ನಂದಿ, ಒಂದೇ ಬಂಡೆಯಲ್ಲಿ ಕಡೆದದ್ದು. ಅದರಲ್ಲೂ ಕಿವಿ ಕೊಂಬಿನ ಕೆಳಗೇ ಇದೆ. ದೊಡ್ಡವಳು ಒಪ್ಪಲಿಲ್ಲ. "ಕೆತ್ತಿದೋರು ಸರಿಯಾಗಿ ನೋಡಿಯೇ ಕೆತ್ತಿದ್ರು ಅಂತ ಏನು ಗ್ಯಾರಂಟಿ ಮಾವ?"

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿರಲಿಲ್ಲ. ಬೇಲೂರಿನಲ್ಲಿ ಸಳ ಕೊಲ್ಲುತ್ತಿರುವುದು ಕಥೆಯ ಪ್ರಕಾರ ಹುಲಿ. ಕಲ್ಲಿನಲ್ಲಿ ನೋಡಿದರೆ ಅದು ಸಿಂಹದ ಹಾಗಿದೆ. ಅಲ್ಲೇ ಕಾಣುವ ಮಕರಕ್ಕಂತೂ ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಬಾಲ ನವಿಲಿನದು. ನಮ್ಮ ರಾಜ್ಯದ ಲಾಂಛನವೇ ಎರಡು ತಲೆಯ ಹಕ್ಕಿ. ಕಂಡದ್ದನ್ನೇ ಬರೆಯಬೇಕು ಅಂತ ಹೇಳುವ ಹಕ್ಕು ನಮಗೆ ಸ್ವಲ್ಪ ಕಡಿಮೆಯೇ. ಯುರೋಪಿನವರ ಕಥೆಯೂ ಅಷ್ಟೇ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಗೋವಾದಿಂದ ಹಡಗು ಹತ್ತಿ ಲಿಸ್ಬನ್ ತಲುಪಿತು. ಅದರ ಚಿತ್ರ ಬರೆದ, ಜರ್ಮನಿಯಲ್ಲಿದ್ದ ಕಲಾವಿದ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದು ಕಳಿಸಿದ ವಿವರ ನಂಬಿ ಅದಕ್ಕೆ ಕಬ್ಬಿಣದ ಕವಚದಂಥ ಚರ್ಮ ಹೊದಿಸಿದ, ಬೆನ್ನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬನ್ನೂ ಇಟ್ಟ. ಅಲ್ಲಿನ ಜನ ನೂರಾರು ವರ್ಷ ಅದನ್ನೇ ನಂಬಿದರು. ಡ್ಯೂರರ್ ಕಥೆ ಕೇಳಿ ಚಿಕ್ಕವನಿಗೆ ಖುಷಿಯಾಯಿತು. ತನ್ನ ಹಸುವಿಗೆ ಮೂರನೇ ಕೊಂಬು ಇಟ್ಟ.

ಹಾಗಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ, ಪೆನ್ಸಿಲ್ಲು ಪುಸ್ತಕ ಹಿಡಿದುಕೊಂಡು ಹಿಂದಿನ ಬೀದಿಯ ಹಾಲಿನಮ್ಮನ ಕೊಟ್ಟಿಗೆಗೆ ಹೋದೆವು. ಅವರ ಹತ್ತಿರ ಎರಡು ಹಸು. ಒಂದು ಎಚ್‌ಎಫ್ ಕ್ರಾಸ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ ಮಿಶ್ರಣ, ಮಕ್ಕಳ ಪುಸ್ತಕದಲ್ಲೆಲ್ಲ ಇರುವಂಥ ಕಪ್ಪು ಬಿಳುಪಿನದು. ಅದಕ್ಕೆ ಕೊಂಬೇ ಇರಲಿಲ್ಲ. ಕರುವಾಗಿದ್ದಾಗಲೇ ಕೊಂಬಿನ ಮೊಗ್ಗು ಸುಡಿಸಿದ್ದಂತೆ. ಇನ್ನೊಂದು ನಾಟಿ, ಗೌರಿ. ಬೂದು ಬಣ್ಣ. ಹಳ್ಳಿಕಾರ್ ಹಸುಗಳ ಹಾಗೆ ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು. ಕಿವಿ ನಮ್ಮಮ್ಮ ಹೇಳಿದ ಜಾಗದಲ್ಲೇ ಇತ್ತು. ಆದರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ನೊಣ ಬಂದರೆ ಹಿಂದಕ್ಕೆ, ಪಾತ್ರೆ ಸದ್ದಾದರೆ ಮುಂದಕ್ಕೆ, ನಾವು ಮಾತಾಡಿದರೆ ಒಂದು ಕಿವಿ ಮಾತ್ರ ನಮ್ಮ ಕಡೆಗೆ. ಚಿಕ್ಕವನು ಎರಡೂ ಪಕ್ಕಕ್ಕೆ ಮೂರು ಮೂರು ಕಿವಿ ಬರೆದ. "ಅಲ್ಲಾಡ್ತಿದೆ ಅಲ್ವಾ" ಅಂದ. ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾಲ್ಕು ಕಂಬದ ನನ್ನ ಸೂತ್ರವೂ ಅಲ್ಲೇ ಉರುಳಿತು. ಹಿಂಗಾಲು ಕಂಬ ಅಲ್ಲ, ನಡುವೆ ಹಿಂದಕ್ಕೆ ಮುರಿದ ಹಾಗಿದೆ. "ಮೊಣಕಾಲು ಉಲ್ಟಾ ಇದೆ" ಅಂದಳು ದೊಡ್ಡವಳು. ಅದು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಅಡಗಿರುತ್ತದೆ. ಹಸು ದಿನವಿಡೀ ಬೆರಳ ತುದಿಯ ಮೇಲೇ ನಡೆಯುತ್ತದೆ, ಗೊರಸೇ ಅದರ ಉಗುರು. ಇದನ್ನು ಹೇಳಿದ ಮೇಲೆ ಇಬ್ಬರೂ ಮನೆಯವರೆಗೆ ತುದಿಗಾಲಲ್ಲೇ ನಡೆದುಕೊಂಡು ಬಂದರು. ಹೊರಡುವ ಮುಂಚೆ ಮಲಗಿದ್ದ ಎಚ್‌ಎಫ್ ಎದ್ದು ನಿಂತಿತು. ಮೊದಲು ಹಿಂಭಾಗ ಎತ್ತಿತು, ಮುಂದಿನ ಮೊಣಕಾಲೂರಿ ಒಂದು ಗಳಿಗೆ ನಮಸ್ಕಾರದ ಭಂಗಿಯಲ್ಲಿದ್ದು ಆಮೇಲೆ ಪೂರ್ತಿ ಎದ್ದಿತು. ಇದನ್ನೂ ನಾನು ಮೊದಲ ಸಲ ನೋಡಿದ್ದು. ಅಂದರೆ ಸಾವಿರ ಸಲ ಕಂಡಿರಬೇಕು.

ಮಾರನೇ ದಿನ ಬಣ್ಣ. ನೀರು ಸೋಕಿದ್ದೇ ತಡ ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ಎಣ್ಣೆಗೆ ಬಿದ್ದ ಹಪ್ಪಳವಾಯಿತು. ಅಂಗಡಿಯವರು 300 ಜಿಎಸ್‌ಎಂನ ದಪ್ಪ ಹಾಳೆ ತೋರಿಸಿದರು. ಒಂದು ಹಾಳೆಯ ಬೆಲೆ ಕೇಳಿ, ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳ ಹಿಂಬದಿ ನೆನಪಿಗೆ ಬಂತು. ಮಿರಿಮಿರಿ ಮಿಂಚುವ ಪತ್ರಿಕೆಯ ಮೇಲೆ ನೀರು ತಾವರೆ ಎಲೆಯ ಮೇಲಿನ ಹಾಗೆ ಉರುಳಾಡುತ್ತದೆ, ಪ್ರಯೋಜನವಿಲ್ಲ. ಮಾಮೂಲಿ ಒರಟು ರಟ್ಟಿನದಾದರೆ ಚೆನ್ನಾಗಿ ಹೀರುತ್ತದೆ. ಯಾರ ಮದುವೆಯಲ್ಲಿ ಖರ್ಚು ಕಡಿಮೆ ಮಾಡಿದ್ದರು ಅಂತ ಹೀಗೂ ಗೊತ್ತಾಗುತ್ತದೆ.

ನೀರಿನ ಬಣ್ಣ ಅಂದರೆ ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಗೋಂದಿನಲ್ಲಿ ಕಲಸಿ ಒಣಗಿಸಿದ ಬಿಲ್ಲೆ, ಅಷ್ಟೇ. ಅದರಲ್ಲಿ ಬೆಳಕು ಬಣ್ಣವನ್ನು ದಾಟಿ, ಹಾಳೆಯ ಬಿಳಿಗೆ ತಾಗಿ, ವಾಪಸ್ ಬರುತ್ತದೆ. ಹಾಗಾಗಿ ಬಿಳಿ ಅನ್ನುವುದು ಹಚ್ಚುವ ಬಣ್ಣವಲ್ಲ, ಹಚ್ಚದೆ ಬಿಡುವ ಜಾಗ. ಇದನ್ನು ವಿವರಿಸಿದ್ದೇ ತಪ್ಪಾಯಿತು. ಚಿಕ್ಕವನು ಮುಂದಿನ ಹಾಳೆಯಲ್ಲಿ ಎರಡು ಠ, ಆರು ಮೀಸೆ ಬರೆದು, "ಬಿಳೀ ಬೆಕ್ಕು, ಆಯ್ತು" ಅಂತ ಎದ್ದು ಆಡಲು ಹೋದ.

ಗೌರಿಯ ಬೂದು ಬಣ್ಣ ನಮ್ಮನ್ನು ಬಹಳ ಸತಾಯಿಸಿತು. ಕಪ್ಪಿಗೆ ನೀರು ಜಾಸ್ತಿ ಮಾಡಿದರೆ ಬರುವುದು ಒಲೆಯ ಬೂದಿ, ಹಸುವಿನ ಮೈಯಲ್ಲ. ಕೊನೆಗೆ ನೀಲಿಗೆ ಕಂದು ಬೆರೆಸಿದೆವು. ನೀಲಿ ಒಂದು ಚೂರು ಹೆಚ್ಚಾದರೆ ಮಳೆ ಮೋಡ, ಕಂದು ಹೆಚ್ಚಾದರೆ ಬಿಸಿಲಿನಲ್ಲಿ ನಿಂತ ಹಸು. ಕುತ್ತಿಗೆಗೆ ಮೋಡ, ಬೆನ್ನಿಗೆ ಬಿಸಿಲು. ಒದ್ದೆ ಇರುವಾಗಲೇ ಎರಡೂ ಒಂದಕ್ಕೊಂದು ಹರಿದುಕೊಂಡವು. ನಾನು ಹಚ್ಚಿದ್ದು ಎಲ್ಲಿ ಮುಗಿಯಿತು, ನೀರು ಮಾಡಿದ್ದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲಾಗದ ಹಾಗೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಕಣ್ಣಿನ ಕಪ್ಪನ್ನೂ ಒದ್ದೆಯಲ್ಲೇ ಇಟ್ಟೆ. ಅದು ಕೆನ್ನೆಗೆಲ್ಲ ಹರಿಯಿತು. "ನಿಮ್ಮ ಹಸು ಅಳ್ತಿದೆ ಮಾವ" ಅಂದಳು ದೊಡ್ಡವಳು, ಅನುಕಂಪದಿಂದಲೇ.

ಹಳದಿ ಬಿಲ್ಲೆ ತೋರಿಸಿ ಇನ್ನೊಂದು ಕಥೆ ಹೇಳಿದೆ. ಹಿಂದೆ ಇಂಡಿಯನ್ ಯೆಲ್ಲೋ ಎಂಬ ಹಳದಿ ನಮ್ಮ ದೇಶದಿಂದ ಯುರೋಪಿಗೆ ಹೋಗುತ್ತಿತ್ತು. ಅದನ್ನು ಮಾಡುವುದು ಹೇಗೆ ಅಂತ ಟಿ.ಎನ್. ಮುಖರ್ಜಿ ಎಂಬುವರು 1883ರಲ್ಲಿ ಲಂಡನ್ನಿಗೆ ಒಂದು ಪತ್ರ ಬರೆದರು. ಬಿಹಾರದ ಮುಂಗೇರ್ ಹತ್ತಿರ ಹಸುಗಳಿಗೆ ಮಾವಿನೆಲೆ ತಿನ್ನಿಸಿ, ಅವುಗಳ ಗಂಜಲವನ್ನು ಕಾಯಿಸಿ, ಉಂಡೆ ಕಟ್ಟುತ್ತಾರೆ ಅಂತ. "ಉಚ್ಚೇನಾ?" ಅಂತ ಚಿಕ್ಕವನು ಆಟ ಬಿಟ್ಟು ಓಡಿಬಂದ. ಆ ಬಣ್ಣ ಅಂಗಡಿಯಿಂದ ಮಾಯವಾಗಿ ನೂರು ವರ್ಷದ ಮೇಲಾಯಿತು ಅಂತ ಎಷ್ಟು ಹೇಳಿದರೂ ಕೇಳದೆ, ಡಬ್ಬಿಯ ಹಳದಿಯನ್ನು ಮೂಸಿ ನೋಡಿದ. ಮೂಗಿನ ತುದಿ ಮಧ್ಯಾಹ್ನದವರೆಗೂ ಹಳದಿಯಾಗಿತ್ತು.

ಆಮೇಲಿನ ದಿನಗಳಲ್ಲಿ ಮನೆ ತುಂಬ ಪ್ರಾಣಿಗಳು. ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯಿಂದ ಹಾಳೆಯ ಮೇಲೆ ಕಾಣದ ಗೆರೆ ಎಳೆದು, ಮೇಲೆ ಕಪ್ಪು ನೀರು ಬಳಿದರೆ ಜ಼ೀಬ್ರಾ ಎದ್ದು ಬರುತ್ತದೆ. ಮೇಣವಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಒದ್ದೆ ಕಂದಿನ ಮೇಲೆ ಉಪ್ಪು ಉದುರಿಸಿದರೆ ಹರಳು ಹರಳಿಗೂ ಬಣ್ಣ ಸರಿದು ಜಿಂಕೆಯ ಚುಕ್ಕಿ ಮೂಡುತ್ತದೆ. ಒಣಗಿದ ಮೇಲೆ ಉಪ್ಪು ಕೊಡವಬೇಕು. ಕಾಲಿಗೆ ಉಪ್ಪು ಸಿಗಬಾರದು ಅಂತ ಅಮ್ಮ ದಿನಕ್ಕೆ ಮೂರು ಸಲ ಹಾಲ್ ಗುಡಿಸಿದಳು. ಬೈದಳು, ಆದರೆ ಉಪ್ಪಿನ ಡಬ್ಬಿ ಬಚ್ಚಿಡಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅವಳೂ ಒಂದು ಲಗ್ನಪತ್ರಿಕೆ ತೆಗೆದುಕೊಂಡು ಕೂತಿದ್ದಳು. ನಾನು ಬಂದೊಡನೆ ಸೆರಗಿನಡಿ ಸೇರಿಸಿದಳು. ಏನು ಬರೆದಳೋ, ಇವತ್ತಿಗೂ ತೋರಿಸಿಲ್ಲ.

ರಜ ಮುಗಿಯುವ ಹಿಂದಿನ ದಿನ ಗೌರಿಯ ಚಿತ್ರ ತೋರಿಸಲು ಮತ್ತೆ ಕೊಟ್ಟಿಗೆಗೆ ಹೋದೆವು. ಹಾಲಿನಮ್ಮ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಾಳೆಗಳನ್ನು ದೂರ ಹಿಡಿದು ನೋಡಿದರು. ನನ್ನ ಅಳುವ ಹಸುವಿಗೆ "ಇದ್ಯಾವ ಊರಿಂದು?" ಅಂದರು. ದೊಡ್ಡವಳದಕ್ಕೆ, "ನಮ್ ಗೌರಿನೇಯ. ಎಡಗೊಂಬು ಒಂಚೂರು ವಾರೆ ಇರೋದೂ ಹಾಕಿದ್ದಾಳೆ ನೋಡು" ಅಂದರು. ಆ ಕೊಂಬು ವಾರೆ ಇದ್ದದ್ದು ನನಗೆ ಆಗಲೇ ಗೊತ್ತಾಗಿದ್ದು. ಕೊನೆಗೆ ಆರು ಕಿವಿಯ ಹಸುವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು.

"ಎಲ್ಲಾ ಸರಿ ಮಗ, ಹಗ್ಗ ಎಲ್ಲಿ?"

"ಬಿಚ್ಚಿಬಿಟ್ಟೆ" ಅಂದ ಚಿಕ್ಕವನು.

"ಅಯ್ಯೋ, ಈಗ ಹಿಡ್ಕೊಂಡ್ ಬರೋರು ಯಾರು?" ಅಂದರು ಹಾಲಿನಮ್ಮ. ಅಂದವರು ಒಂದು ಸಲ ತಿರುಗಿ ಗೂಟದ ಕಡೆ ನೋಡಿದರು.